ಸ್ಕಾಟ್ಲೆಂಡ್ ಹೊರಟುಹೋದರೆ ಉಳಿದ ಬ್ರಿಟನ್ನಿನ ಗತಿ ಏನು?

ಪ್ರಶ್ನೆ: ನನ್ನ ಮಗಳು ಎಡಿನ್‌ಬರೋದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅಲ್ಲಿನವರು ಮಾತೆತ್ತಿದರೆ ಸ್ವಾತಂತ್ರ್ಯದ ವಿಷಯ ತೆಗೆಯುತ್ತಾರಂತೆ. ಸ್ಕಾಟ್ಲೆಂಡ್ ಬೇರೆಯಾದರೆ ಸ್ಕಾಟ್ಲೆಂಡಿಗೆ ಏನಾಗುತ್ತದೆ ಎಂಬ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದರೆ ಹಿಂದೆ ಉಳಿಯುವ ಬ್ರಿಟನ್ನಿಗೆ ಏನಾಗುತ್ತದೆ? ವಿಶ್ವಸಂಸ್ಥೆಯ ವಿಟೊ ಅಧಿಕಾರ ಹೋಗುತ್ತದೆಯೇ? ಸಾಲ ಯಾರು ತೀರಿಸಬೇಕು? ಕನ್ಸರ್ವೇಟಿವ್ ಪಕ್ಷವೇ ಖಾಯಂ ಆಗಿ ಆಳುತ್ತದೆ ಅನ್ನುವುದು ನಿಜವೇ?

ಉತ್ತರ: ಒಂದೊಂದು ಸಾಲಿನಲ್ಲಿ ಮೊದಲು ಹೇಳಿಬಿಡುತ್ತೇನೆ. ವಿಟೊ ಹೋಗುವುದಿಲ್ಲ. ಸಾಲ ಪೂರ್ತಿ ಲಂಡನ್ನಿನ ಹೆಸರಿನಲ್ಲೇ ಉಳಿಯುತ್ತದೆ. ಕನ್ಸರ್ವೇಟಿವ್ ಪಕ್ಷದ ಖಾಯಂ ಆಳ್ವಿಕೆ ಎಂಬುದು ಅರ್ಧ ಸತ್ಯ. ನಿಜವಾದ ಪೆಟ್ಟು ಬೀಳುವುದು ನೀವು ಕೇಳದೇ ಇರುವ ಎರಡು ಕಡೆ: ಅಣ್ವಸ್ತ್ರದ ನೆಲೆ ಮತ್ತು ಉತ್ತರ ಐರ್ಲೆಂಡ್.

ಸ್ಕಾಟ್ಲೆಂಡಿನ ಜನಸಂಖ್ಯೆ 2022ರ ಗಣತಿಯಂತೆ ಸುಮಾರು 54 ಲಕ್ಷ, ಅಂದರೆ ಬ್ರಿಟನ್ನಿನ ಶೇ 8ರಷ್ಟು. ಬೆಂಗಳೂರು ನಗರದಲ್ಲೇ ಇದಕ್ಕಿಂತ ಹೆಚ್ಚು ಜನರಿದ್ದಾರೆ. ಆದರೆ ನೆಲದ ಲೆಕ್ಕಕ್ಕೆ ಬಂದರೆ ದೇಶದ ಮೂರನೇ ಒಂದು ಭಾಗ ಅವರದು. ಸಮುದ್ರದ ಪಾಲು ಇನ್ನೂ ದೊಡ್ಡದು. ಜನ ಕಡಿಮೆ, ಜಾಗ ಜಾಸ್ತಿ. ಹೀಗಾಗಿ ತಲೆ ಲೆಕ್ಕದಲ್ಲಿ ಹಂಚುವ ವಿಷಯಗಳಲ್ಲಿ ಬ್ರಿಟನ್ನಿಗೆ ನಷ್ಟ ಅಷ್ಟಿಲ್ಲ, ಜಾಗಕ್ಕೆ ಅಂಟಿಕೊಂಡ ವಿಷಯಗಳಲ್ಲಿ ಬಹಳ.

ವಿಟೊದಿಂದ ಶುರು ಮಾಡೋಣ. ದೇಶವೊಂದು ಒಡೆದಾಗ ಎರಡೂ ತುಂಡುಗಳು ಹೊಸ ದೇಶಗಳೇ, ಅಥವಾ ಒಂದು ಹಳೆಯದರ ಮುಂದುವರಿಕೆಯೇ? ಇದಕ್ಕೆ ನಮ್ಮದೇ ಉದಾಹರಣೆ ಇದೆ. ಬ್ರಿಟಿಷ್ ಭಾರತ 1945ರಲ್ಲೇ ವಿಶ್ವಸಂಸ್ಥೆಯ ಸ್ಥಾಪಕ ಸದಸ್ಯನಾಗಿತ್ತು. 1947ರಲ್ಲಿ ದೇಶ ಇಬ್ಭಾಗವಾದಾಗ ಆ ಸದಸ್ಯತ್ವ ಹಾಗೆಯೇ ನಮಗೆ ಬಂತು. ಪಾಕಿಸ್ತಾನ ಹೊಸದಾಗಿ ಅರ್ಜಿ ಹಾಕಿ ಆ ವರ್ಷದ ಸೆಪ್ಟೆಂಬರ್ 30ರಂದು ಸೇರಿತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ರಷ್ಯಾ ಭದ್ರತಾ ಮಂಡಳಿಯ ವಿಟೊ ಇರುವ ಕುರ್ಚಿಯಲ್ಲಿ ಬಂದು ಕೂತಿದ್ದು ಅದರ ಅಧ್ಯಕ್ಷ ಯೆಲ್ಟ್ಸಿನ್ ಬರೆದ ಒಂದು ಪತ್ರದ ಬಲದ ಮೇಲೆ. ಯಾರೂ ತಕರಾರು ತೆಗೆಯಲಿಲ್ಲ. ತಕರಾರು ಬಂದಿದ್ದು ಯುಗೊಸ್ಲಾವಿಯದ ವಿಷಯದಲ್ಲಿ: ಸರ್ಬಿಯ ಮತ್ತು ಮಾಂಟೆನೆಗ್ರೊ ಸೇರಿ ‘ಹಳೆಯ ಯುಗೊಸ್ಲಾವಿಯ ನಾವೇ’ ಅಂದರೆ ಜಗತ್ತು ಒಪ್ಪಲಿಲ್ಲ, ಕಡೆಗೆ 2000ದಲ್ಲಿ ಹೊಸ ಸದಸ್ಯನಾಗಿ ಸೇರಬೇಕಾಯಿತು. ವ್ಯತ್ಯಾಸ ಎಲ್ಲಿ ಅಂದರೆ, ಅಲ್ಲಿ ಬಹುಪಾಲು ಗಣರಾಜ್ಯಗಳೇ ಬಿಟ್ಟುಹೋಗಿದ್ದವು, ಅದೂ ರಕ್ತ ಹರಿದು, ಹೋದವರಲ್ಲಿ ಯಾರೂ ಆ ಹಕ್ಕನ್ನು ಮಾನ್ಯ ಮಾಡದೆ.

ಬ್ರಿಟನ್ನಿನ ಸ್ಥಿತಿ ಭಾರತದ್ದಕ್ಕೆ ಹತ್ತಿರ. ಜೇಮ್ಸ್ ಕ್ರಾಫರ್ಡ್ ಮತ್ತು ಅಲನ್ ಬಾಯ್ಲ್ ಎಂಬ ಇಬ್ಬರು ಅಂತರರಾಷ್ಟ್ರೀಯ ಕಾನೂನು ಪಂಡಿತರಿಂದ ಬ್ರಿಟಿಷ್ ಸರ್ಕಾರ ಅಭಿಪ್ರಾಯ ಬರೆಸಿಕೊಂಡು 2013ರಲ್ಲಿ ಪ್ರಕಟಿಸಿತು. ಉಳಿದ ಬ್ರಿಟನ್ ಹಳೆಯ ದೇಶದ ಮುಂದುವರಿಕೆ, ಸ್ಕಾಟ್ಲೆಂಡ್ ಹೊಸ ದೇಶ ಎಂಬುದು ಅದರ ಸಾರ. ಕುರ್ಚಿ, ಸಾವಿರಾರು ಒಪ್ಪಂದಗಳು, ರಾಯಭಾರ ಕಚೇರಿಗಳು ಎಲ್ಲವೂ ಲಂಡನ್ನಿಗೇ. ಶೇ 8ರಷ್ಟು ಜನ ಹೋದರು ಅಂತ ವಿಟೊ ಕಿತ್ತುಕೊಳ್ಳುವ ವಿಧಿ ವಿಶ್ವಸಂಸ್ಥೆಯ ಸನದಿನಲ್ಲಿ ಎಲ್ಲೂ ಇಲ್ಲ. ‘ಇಷ್ಟು ಸಣ್ಣವರಿಗೆ ಏಕೆ ಈ ಕುರ್ಚಿ’ ಎಂಬ ಗೊಣಗಾಟ ಜಾಸ್ತಿಯಾಗುತ್ತದೆ, ನಿಜ. ಆದರೆ ಆ ಗೊಣಗಾಟ ಈಗಲೂ ಇದೆ, ನಮ್ಮ ದೆಹಲಿಯಿಂದಲೇ ಕೇಳಿಸುತ್ತದೆ.

ಆದರೆ ಹೆಸರು ಇಟ್ಟುಕೊಂಡವರಿಗೆ ಸಾಲವೂ ತಪ್ಪುವುದಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಹಳೇ ಮನೆ ಉಳಿಸಿಕೊಂಡ ಅಣ್ಣನ ಹತ್ತಿರವೇ ಬ್ಯಾಂಕಿನವರು ಬರುತ್ತಾರಲ್ಲ, ಹಾಗೆ. ಬೇರೆಯಾಗಬೇಕೇ ಬೇಡವೇ ಅಂತ 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನಲ್ಲಿ ಜನಮತಗಣನೆ ನಡೆಯಿತು. ಅದಕ್ಕೆ ಎಂಟು ತಿಂಗಳ ಮೊದಲೇ, ಜನವರಿಯಲ್ಲಿ, ಬ್ರಿಟಿಷ್ ಖಜಾನೆ ಒಂದು ಪ್ರಕಟಣೆ ಹೊರಡಿಸಿತು: ಸ್ಕಾಟ್ಲೆಂಡ್ ಬೇರೆಯಾದರೂ ಆ ದಿನದವರೆಗೆ ಎತ್ತಿದ ಎಲ್ಲ ಸರ್ಕಾರಿ ಸಾಲಪತ್ರಗಳಿಗೂ ನಾವೇ ಹೊಣೆ, ಒಂದು ಪೌಂಡ್ ಕೂಡ ತಪ್ಪಿಸುವುದಿಲ್ಲ. ಲಂಡನ್ನಿನ ಔದಾರ್ಯ ಅಂದುಕೊಳ್ಳಬೇಡಿ. ಸಾಲ ಕೊಟ್ಟವರಿಗೆ ‘ನಮ್ಮ ದುಡ್ಡಿನಲ್ಲಿ ಶೇ 8 ಇನ್ನೂ ಹುಟ್ಟದ ಒಂದು ದೇಶದ ಹೆಗಲಿಗೆ ಹೋಗುತ್ತದೆ’ ಎಂಬ ಅನುಮಾನ ಬಂದರೆ ಸಾಕು, ಅದೇ ದಿನ ಬಡ್ಡಿ ಏರುತ್ತದೆ. ಏರಿದ ಬಡ್ಡಿಯ ಮುಂದೆ ಸ್ಕಾಟ್ಲೆಂಡಿನಿಂದ ವಸೂಲಾಗಬಹುದಾದ ಪಾಲು ಏನೂ ಅಲ್ಲ. ಆದ್ದರಿಂದ ಲಂಡನ್ ಪೂರ್ತಿ ಸಾಲ ಹೊತ್ತುಕೊಂಡಿತು. ಸ್ಕಾಟ್ಲೆಂಡ್ ತನ್ನ ಪಾಲನ್ನು ಲಂಡನ್ನಿಗೆ ಕಟ್ಟಲಿ ಎಂಬುದನ್ನು ಮಾತುಕತೆಗೆ ಬಿಟ್ಟಿತು.

ಆ ಮಾತುಕತೆ ಎಷ್ಟರಮಟ್ಟಿಗೆ ಫಲ ಕೊಡುತ್ತದೆ ಎಂಬುದಕ್ಕೆ ಬ್ರಿಟನ್ನಿನ ಮನೆಯಲ್ಲೇ ಪಾಠವಿದೆ. ಬಹಳ ಜನ ಮರೆಯುವ ಸಂಗತಿ ಇದು: ಬ್ರಿಟನ್ ಈಗಾಗಲೇ ಒಮ್ಮೆ ಒಡೆದ ದೇಶ. 1922ರಲ್ಲಿ ಐರ್ಲೆಂಡಿನ ಬಹುಭಾಗ ಹೊರಟುಹೋದಾಗ ದೇಶದ ಐದನೇ ಒಂದಕ್ಕೂ ಹೆಚ್ಚು ನೆಲ ಕೈಬಿಟ್ಟಿತು. 1921ರ ಒಪ್ಪಂದದ ಐದನೇ ಕಲಮಿನಲ್ಲಿ ಐರ್ಲೆಂಡ್ ಸಾರ್ವಜನಿಕ ಸಾಲದ ಪಾಲು ಹೊರಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ನಾಲ್ಕೇ ವರ್ಷದಲ್ಲಿ, 1925ರಲ್ಲಿ, ಗಡಿ ತಕರಾರನ್ನು ಮುಗಿಸುವ ಭರದಲ್ಲಿ ಲಂಡನ್ ಆ ಕಲಮನ್ನು ಕೈಬಿಟ್ಟಿತು. ಸುಡಾನ್ ಕೂಡ 2011ರಲ್ಲಿ ದಕ್ಷಿಣ ಭಾಗ ಹೋದ ಮೇಲೆ ಇಡೀ ವಿದೇಶಿ ಸಾಲವನ್ನು ತಾನೇ ಉಳಿಸಿಕೊಂಡಿತು. ಒಂದೇ ದೇಶದೊಳಗಿನ ರಾಜ್ಯಗಳಾದರೆ ಬೇರೆ ಮಾತು. ಆಂಧ್ರ-ತೆಲಂಗಾಣದ ಹಾಗೆ 58.32ಕ್ಕೆ 41.68 ಅಂತ ದಶಾಂಶ ಹಾಕಿ ಹಂಚಲು ಮೇಲೊಂದು ಸಂಸತ್ತು ಇರುತ್ತದೆ. ಎರಡು ದೇಶಗಳ ಮೇಲೆ ಯಾರೂ ಇರುವುದಿಲ್ಲ.

ಇನ್ನು ನಾಣ್ಯ. ನಿಮ್ಮ ಮಗಳು ಎಡಿನ್‌ಬರೋದಲ್ಲಿ ಪಡೆಯುವ ನೋಟುಗಳ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡ್ ಬದಲು ಸ್ಕಾಟ್ಲೆಂಡಿನ ಬ್ಯಾಂಕೊಂದರ ಹೆಸರಿರುವುದನ್ನು ಗಮನಿಸಿರಬಹುದು. ಅಲ್ಲಿ ಮೂರು ವಾಣಿಜ್ಯ ಬ್ಯಾಂಕುಗಳಿಗೆ ಇವತ್ತಿಗೂ ನೋಟು ಮುದ್ರಿಸುವ ಹಕ್ಕಿದೆ. ಆದರೆ ಹಾಗೆ ಚಲಾವಣೆಗೆ ಬಿಟ್ಟ ನೋಟುಗಳ ಬಹುಪಾಲಿಗೆ ಸಮನಾದ ಹಣವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಆಧಾರವಾಗಿ ಇಟ್ಟಿರಬೇಕು. ಇದಕ್ಕಾಗಿಯೇ ಅಲ್ಲಿ ವಿಶೇಷ ನೋಟುಗಳಿವೆ: ಹತ್ತು ಲಕ್ಷ ಪೌಂಡಿನದಕ್ಕೆ ‘ಜೈಂಟ್’, ಹತ್ತು ಕೋಟಿ ಪೌಂಡಿನದಕ್ಕೆ ‘ಟೈಟನ್’ ಅನ್ನುತ್ತಾರೆ. ಅವು ಯಾರ ಜೇಬಿಗೂ ಬರುವುದಿಲ್ಲ, ಬ್ಯಾಂಕ್ ಬಿಟ್ಟು ಹೊರಗೆ ಹೋಗುವುದೂ ಇಲ್ಲ. ಸ್ಕಾಟಿಷ್ ನೋಟಿನ ಹಿಂದಿರುವ ನಂಬಿಕೆ ಲಂಡನ್ನಿನಲ್ಲಿದೆ ಅಂತಾಯಿತು. 2014ರಲ್ಲಿ ಸ್ಕಾಟಿಷ್ ನಾಯಕ ಅಲೆಕ್ಸ್ ಸ್ಯಾಮಂಡ್ ಪೌಂಡನ್ನೇ ಇಬ್ಬರೂ ಬಳಸೋಣ ಅಂದರು. ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಫೆಬ್ರವರಿಯಲ್ಲಿ ಎಡಿನ್‌ಬರೋಗೇ ಹೋಗಿ, ಸಾಧ್ಯವಿಲ್ಲ ಅಂತ ಖಡಾಖಂಡಿತವಾಗಿ ಹೇಳಿ ಬಂದರು. ಅದರಲ್ಲಿ ಚುನಾವಣಾ ಬೆದರಿಕೆ ಎಷ್ಟು, ನಿಜವಾದ ಭಯ ಎಷ್ಟು ಅಂತ ಆಗ ಚರ್ಚೆಯಾಯಿತು. ಭಯಕ್ಕೆ ಕಾರಣವಿತ್ತು ಅಂತ ನನ್ನ ಅಭಿಪ್ರಾಯ. ಜೆಕ್ ಮತ್ತು ಸ್ಲೊವಾಕ್ ದೇಶಗಳು 1993ರ ಜನವರಿ 1ರಂದು ಜಗಳವಿಲ್ಲದೆ ಬೇರೆಯಾದವು, ನಾಣ್ಯ ಸದ್ಯಕ್ಕೆ ಒಂದೇ ಇರಲಿ ಅಂದುಕೊಂಡವು. ಜನ ಸ್ಲೊವಾಕ್ ಬ್ಯಾಂಕಿನಿಂದ ದುಡ್ಡು ತೆಗೆದು ಜೆಕ್ ಬ್ಯಾಂಕಿಗೆ ಹಾಕತೊಡಗಿದರು. ಫೆಬ್ರವರಿ 8ರ ಹೊತ್ತಿಗೆ ಆ ಏರ್ಪಾಟು ಮುಗಿದುಹೋಯಿತು. ಹೊಸ ನೋಟು ಮುದ್ರಿಸಲು ಪುರುಸೊತ್ತಿಲ್ಲದೆ ಹಳೇ ನೋಟಿಗೇ ಚೀಟಿ ಅಂಟಿಸಿ ಬಿಟ್ಟರು.

ಎಣ್ಣೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉತ್ತರ ಸಮುದ್ರದ ಎಣ್ಣೆಯ ಬಹುಪಾಲು ಸ್ಕಾಟ್ಲೆಂಡಿನ ಕಡಲಿಗೆ ಸೇರುತ್ತದೆ. 1970ರ ದಶಕದಲ್ಲಾಗಿದ್ದರೆ ಅದು ಲಂಡನ್ನಿಗೆ ದೊಡ್ಡ ಏಟು. ಈಗ ಉತ್ಪಾದನೆ ಇಳಿಮುಖ, ಬೆಲೆಯೂ ನಂಬುವ ಹಾಗಿಲ್ಲ: 2014ರ ಜೂನ್‌ನಲ್ಲಿ ಬ್ಯಾರೆಲ್ಲಿಗೆ 110 ಡಾಲರ್ ದಾಟಿದ್ದ ಕಚ್ಚಾತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಿತ್ತು. ಜೊತೆಗೆ ಸ್ಕಾಟ್ಲೆಂಡಿನಲ್ಲಿ ತಲಾ ಸರ್ಕಾರಿ ಖರ್ಚು ಇಂಗ್ಲೆಂಡಿಗಿಂತ ಹೆಚ್ಚು. ಆ ಖರ್ಚು ಉಳಿಯುತ್ತದೆ. ಕೂಡಿ ಕಳೆದರೆ ಲಂಡನ್ನಿನ ಖಜಾನೆ ಬಡವಾಗುವುದಿಲ್ಲ. ಎಣ್ಣೆ ಹೋಗಿ ದೇಶವೇ ಅಲ್ಲಾಡಿದ್ದನ್ನು ನೋಡಬೇಕೆಂದರೆ ಸುಡಾನಿಗೆ ಹೋಗಬೇಕು. 2011ರ ಜುಲೈ 9ರಂದು ದಕ್ಷಿಣ ಸುಡಾನ್ ಹುಟ್ಟಿದಾಗ ಮುಕ್ಕಾಲು ಪಾಲು ಎಣ್ಣೆ ಅದರ ಜೊತೆ ಹೋಯಿತು. ಬಾವಿಗಳು ದಕ್ಷಿಣದಲ್ಲಿ, ಕೊಳವೆಮಾರ್ಗ ಮತ್ತು ಬಂದರು ಉತ್ತರದಲ್ಲಿ. ಸಾಗಣೆ ಶುಲ್ಕ ಎಷ್ಟು ಎಂಬ ಜಗಳದಲ್ಲಿ 2012ರ ಜನವರಿಯಲ್ಲಿ ದಕ್ಷಿಣದವರು ಬಾವಿಗಳನ್ನೇ ಮುಚ್ಚಿದರು. ತಮಗೂ ಆದಾಯವಿಲ್ಲ, ಅವರಿಗೂ ಶುಲ್ಕವಿಲ್ಲ. ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಡಾಲರ್ ಬತ್ತಿತು, ನಾಣ್ಯ ಕುಸಿಯಿತು, 2013ರಲ್ಲಿ ಇಂಧನ ಸಬ್ಸಿಡಿ ಕತ್ತರಿಸಿದಾಗ ಬೀದಿಗಳು ಹೊತ್ತಿಕೊಂಡವು. 2018ರ ಡಿಸೆಂಬರಿನಲ್ಲಿ ಅಟ್ಬರಾ ಎಂಬ ರೈಲ್ವೆ ಪಟ್ಟಣದಲ್ಲಿ ಬ್ರೆಡ್ಡಿನ ಬೆಲೆಗೆ ಶುರುವಾದ ಪ್ರತಿಭಟನೆ ನಾಲ್ಕು ತಿಂಗಳಲ್ಲಿ ಒಮರ್ ಅಲ್ ಬಶೀರ್‌ನ ಮೂವತ್ತು ವರ್ಷದ ಆಳ್ವಿಕೆಯನ್ನೇ ಮುಗಿಸಿತು. ಬಶೀರ್ ಬಿದ್ದಿದ್ದಕ್ಕೆ ಇತರ ಕಾರಣಗಳೂ ಇವೆ, ಆದರೆ ಸರಪಳಿಯ ಮೊದಲ ಕೊಂಡಿ 2011.

ಬ್ರಿಟನ್ನಿಗೆ ಎಣ್ಣೆಗಿಂತ ದೊಡ್ಡ ತಲೆನೋವು ಗ್ಲಾಸ್ಗೊ ನಗರದಿಂದ ಸುಮಾರು 40 ಕಿಲೋಮೀಟರ್ ದೂರದ ಫಾಸ್ಲೇನ್. ಬ್ರಿಟನ್ನಿನ ಅಣ್ವಸ್ತ್ರವೆಲ್ಲ ಈಗ ಸಮುದ್ರದಲ್ಲೇ: ವ್ಯಾನ್‌ಗಾರ್ಡ್ ವರ್ಗದ ನಾಲ್ಕು ಜಲಾಂತರ್ಗಾಮಿಗಳು, ಅವುಗಳಲ್ಲಿ ಟ್ರೈಡೆಂಟ್ ಕ್ಷಿಪಣಿಗಳು. 1969ರಿಂದ ಇವತ್ತಿನವರೆಗೆ ಒಂದಲ್ಲ ಒಂದು ಜಲಾಂತರ್ಗಾಮಿ ಸದಾ ಗಸ್ತಿನಲ್ಲಿರುತ್ತದೆ ಎಂಬುದು ಆ ನೌಕಾಪಡೆಯ ಹೆಮ್ಮೆ. ಈ ನಾಲ್ಕಕ್ಕೂ ಮನೆ ಫಾಸ್ಲೇನ್. ಪಕ್ಕದ ಕೂಲ್‌ಪೋರ್ಟ್‌ನಲ್ಲಿ, ಗುಡ್ಡದೊಳಗೆ ಕಟ್ಟಿದ ಕಾಂಕ್ರೀಟ್ ಕೋಣೆಗಳಲ್ಲಿ ಸಿಡಿತಲೆಗಳ ಸಂಗ್ರಹ. ಸಿಡಿತಲೆ ತಯಾರಾಗುವುದು ದಕ್ಷಿಣ ಇಂಗ್ಲೆಂಡಿನ ಬರ್ಕ್‌ಷೈರಿನಲ್ಲಿ. ಅಲ್ಲಿಂದ ಬಿಗಿ ಕಾವಲಿನ ಲಾರಿಗಳ ಸಾಲಿನಲ್ಲಿ ರಸ್ತೆಯ ಮೇಲೇ ಉತ್ತರಕ್ಕೆ ಬಂದು, ಕೂಲ್‌ಪೋರ್ಟ್‌ನ ತೇಲುವ ಕಟ್ಟೆಯಲ್ಲಿ ಕ್ಷಿಪಣಿಗೆ ಕೂರುತ್ತದೆ. ಕ್ಷಿಪಣಿಗಳು ಮಾತ್ರ ಅಮೆರಿಕದವು. ಅಲ್ಲಿನ ಜಾರ್ಜಿಯ ರಾಜ್ಯದ ಕಿಂಗ್ಸ್ ಬೇ ನೆಲೆಯಲ್ಲಿ ಅಮೆರಿಕದ ಜೊತೆ ಹಂಚಿಕೊಂಡ ದಾಸ್ತಾನು. ಇಷ್ಟು ಹೆಣೆದುಕೊಂಡ ಏರ್ಪಾಟಿನಲ್ಲಿ ಒಂದು ಕೊಂಡಿಯನ್ನು ಪಕ್ಕದ ದೇಶಕ್ಕೆ ಬಿಟ್ಟುಕೊಡಬೇಕು.

ಸ್ವಾತಂತ್ರ್ಯ ಬೇಕೆನ್ನುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಬಹುಕಾಲದಿಂದ ಅಣ್ವಸ್ತ್ರ ವಿರೋಧಿ. ಸ್ವತಂತ್ರ ದೇಶದ ಮೊದಲ ಸಂಸತ್ತಿನ ಅವಧಿಯೊಳಗೇ ಟ್ರೈಡೆಂಟ್ ತೆರವಾಗಬೇಕು ಅಂತ ಅದು 2013ರ ಶ್ವೇತಪತ್ರದಲ್ಲಿ ಬರೆದಿತ್ತು. ತೆರವು ಮಾಡಿ ಎಲ್ಲಿಡುವುದು? ಹಡಗು ನಿಲ್ಲುವ ಜಾಗ ಸಿಗುತ್ತದೆ. ಇಂಗ್ಲೆಂಡಿನ ಪ್ಲಿಮತ್ ಪಕ್ಕದ ಡೆವನ್‌ಪೋರ್ಟ್‌ನಲ್ಲಿ ಜಲಾಂತರ್ಗಾಮಿಗಳ ದುರಸ್ತಿ ಈಗಲೇ ನಡೆಯುತ್ತದೆ. ಸಿಗದಿರುವುದು ಕೂಲ್‌ಪೋರ್ಟ್. ಆಳವಾದ ನೀರು, ಹತ್ತಿರದಲ್ಲೇ ತೆರೆದ ಕಡಲು, ಸುತ್ತ ಜನವಸತಿ ಇಲ್ಲದ ಗುಡ್ಡ ಮೂರೂ ಒಟ್ಟಿಗೆ ಬೇಕು. ಪ್ಲಿಮತ್ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿರುವ ನಗರ; ಅದರ ಮಗ್ಗುಲಲ್ಲಿ ಸಿಡಿತಲೆ ಏರಿಸಿ ಇಳಿಸಲು ಸುರಕ್ಷತಾ ನಿಯಮ ಒಪ್ಪುವುದಿಲ್ಲ. ವೇಲ್ಸ್‌ನ ಮಿಲ್ಫರ್ಡ್ ಹೇವನ್ ಹೆಸರು ಆಗಾಗ ಕೇಳಿಬರುತ್ತದೆ. ಅಲ್ಲೀಗ ದ್ರವೀಕೃತ ಅನಿಲದ ದೊಡ್ಡ ಟರ್ಮಿನಲ್‌ಗಳಿವೆ. ಅಣ್ವಸ್ತ್ರದ ಪಕ್ಕದಲ್ಲಿ ಅನಿಲದ ಟ್ಯಾಂಕು ಇಡುವ ಧೈರ್ಯ ಯಾರಿಗಿದೆ?

ಹಾಗಾದರೆ ಗುತ್ತಿಗೆಗೆ ಪಡೆಯಬಹುದಲ್ಲ? ಅದಕ್ಕೂ ಐರ್ಲೆಂಡಿನ ಪಾಠವೇ. 1921ರ ಒಪ್ಪಂದದಲ್ಲಿ ಬ್ರಿಟನ್ ಸ್ವತಂತ್ರ ಐರ್ಲೆಂಡಿನ ನೆಲದಲ್ಲಿ ಮೂರು ಬಂದರುಗಳನ್ನು ತನ್ನ ನೌಕಾಪಡೆಗೆ ಉಳಿಸಿಕೊಂಡಿತ್ತು: ಬೆರ್‌ಹೇವನ್, ಕೋವ್ ಮತ್ತು ಲಾಕ್ ಸ್ವಿಲಿ. 1938ರಲ್ಲಿ ವ್ಯಾಪಾರ ಜಗಳ ಮುಗಿಸುವ ಒಪ್ಪಂದದ ಭಾಗವಾಗಿ ಚೇಂಬರ್ಲಿನ್ ಸರ್ಕಾರ ಮೂರನ್ನೂ ಬಿಟ್ಟುಕೊಟ್ಟಿತು. ಚರ್ಚಿಲ್ ಸಂಸತ್ತಿನಲ್ಲಿ ಕೂಗಾಡಿದರು, ಯಾರೂ ಕೇಳಲಿಲ್ಲ. ಮರುವರ್ಷವೇ ಯುದ್ಧ ಶುರುವಾಯಿತು, ಐರ್ಲೆಂಡ್ ತಟಸ್ಥವಾಗಿ ಉಳಿಯಿತು, ಅಟ್ಲಾಂಟಿಕಿನ ಬೆಂಗಾವಲು ಹಡಗುಗಳು ಆ ಬಂದರುಗಳನ್ನು ಬಳಸುವಂತಿರಲಿಲ್ಲ. ಬೇರೆ ದೇಶದ ನೆಲದಲ್ಲಿರುವ ನೆಲೆ ಇರುವುದು ಆ ದೇಶದ ಮರ್ಜಿ ಇರುವವರೆಗೆ. ಅಣ್ವಸ್ತ್ರಕ್ಕೆ ಅಂಥ ಏರ್ಪಾಟು ಸಾಲದು. ಹಾಗಾಗಿ ನಿಜವಾಗಿ ಮಾತುಕತೆ ನಡೆದರೆ ಸ್ಕಾಟ್ಲೆಂಡಿನ ಕೈಯಲ್ಲಿರುವ ಅತಿ ದೊಡ್ಡ ತುರುಪಿನ ಎಲೆ ಫಾಸ್ಲೇನ್. ಲಂಡನ್ ನಾಣ್ಯದಲ್ಲೋ ಸಾಲದಲ್ಲೋ ಬಗ್ಗುವುದಿದ್ದರೆ ಕೆಲವು ವರ್ಷಗಳ ಹೆಚ್ಚುವರಿ ಸಮಯಕ್ಕಾಗಿ ಬಗ್ಗುತ್ತದೆ.

ಈಗ ಚುನಾವಣೆಯ ಲೆಕ್ಕ. 2010ರಲ್ಲಿ ಕನ್ಸರ್ವೇಟಿವರು 650ರಲ್ಲಿ 306 ಗೆದ್ದು, ಬಹುಮತ ಸಾಲದೆ ಲಿಬರಲ್ ಡೆಮಾಕ್ರಟರ ಜೊತೆ ಕೂಡಿಕೆ ಮಾಡಿಕೊಂಡರು. ಸ್ಕಾಟ್ಲೆಂಡಿನ 59 ಸ್ಥಾನಗಳನ್ನು ತೆಗೆದು ನೋಡಿ: 591ರಲ್ಲಿ 305, ನಿಚ್ಚಳ ಬಹುಮತ. 2017ರಲ್ಲೂ ಅಷ್ಟೇ, ಸ್ಕಾಟ್ಲೆಂಡ್ ಇಲ್ಲದಿದ್ದರೆ ಕನ್ಸರ್ವೇಟಿವ್ ಪ್ರಧಾನಿ ಥೆರೆಸಾ ಮೇ ಉತ್ತರ ಐರ್ಲೆಂಡಿನ ಸಣ್ಣ ಪಕ್ಷದ ಬಾಗಿಲು ತಟ್ಟಬೇಕಿರಲಿಲ್ಲ. 1964 ಮತ್ತು 1974ರ ಅಕ್ಟೋಬರಿನಲ್ಲಿ ಲೇಬರ್ ಪಕ್ಷದ ಕೂದಲೆಳೆಯ ಬಹುಮತ ನಿಂತಿದ್ದು ಸ್ಕಾಟಿಷ್ ಸ್ಥಾನಗಳ ಮೇಲೆ. ಇಷ್ಟು ನೋಡಿದರೆ ನೀವು ಕೇಳಿದ್ದು ಸರಿ ಅನ್ನಿಸುತ್ತದೆ. ಆದರೆ 1997, 2001, 2005, 2024 ನಾಲ್ಕರಲ್ಲೂ ಸ್ಕಾಟ್ಲೆಂಡನ್ನು ಬಿಟ್ಟರೂ ಲೇಬರ್‌ಗೆ ಬಹುಮತ ಇತ್ತು. ಪೈಪೋಟಿ ಹತ್ತಿರದ್ದಾದಾಗ ಮಾತ್ರ ಕನ್ಸರ್ವೇಟಿವರಿಗೆ ಲಾಭ. ಅಲ್ಲದೆ ಪಕ್ಷಗಳು ಕೈಕಟ್ಟಿ ಕೂರುವುದಿಲ್ಲ, ಹೊಸ ಮತದಾರ ಸಮೂಹಕ್ಕೆ ತಕ್ಕಂತೆ ಜಾಗ ಬದಲಿಸುತ್ತವೆ. 1910ರಲ್ಲಿ ಲಿಬರಲ್ ಸರ್ಕಾರ ಉಳಿದಿದ್ದೇ ಐರಿಷ್ ಸದಸ್ಯರ ಬೆಂಬಲದಿಂದ. 1918ರಲ್ಲಿ 105 ಇದ್ದ ಐರಿಷ್ ಸ್ಥಾನಗಳು 1922ರಲ್ಲಿ 13ಕ್ಕೆ ಇಳಿದವು. ಕನ್ಸರ್ವೇಟಿವರಿಗೆ ಅದು ವರ ಅಂತ ಆಗಲೂ ಎಲ್ಲರೂ ಅಂದುಕೊಂಡರು. ಒಂದೂವರೆ ವರ್ಷದಲ್ಲಿ ಬ್ರಿಟನ್ನಿನ ಮೊದಲ ಲೇಬರ್ ಸರ್ಕಾರ ಬಂತು.

ಇಲ್ಲೊಂದು ತಮಾಷೆಯ ತೊಡಕೂ ಇತ್ತು. 2014ರಲ್ಲಿ ‘ಹೌದು’ ಗೆದ್ದಿದ್ದರೆ ಸ್ವಾತಂತ್ರ್ಯದ ದಿನ 2016ರ ಮಾರ್ಚ್ 24 ಅಂತ ಸ್ಯಾಮಂಡ್ ಗೊತ್ತು ಮಾಡಿದ್ದರು. ನಡುವೆ, 2015ರ ಮೇ ತಿಂಗಳಲ್ಲಿ, ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆ. ಅದರಲ್ಲಿ ಗೆದ್ದ ಸ್ಕಾಟಿಷ್ ಸದಸ್ಯರು ಹತ್ತು ತಿಂಗಳು ಮಾತ್ರ ಕೂತು ಎದ್ದು ಹೋಗಬೇಕು. ಅವರ ಬಲದ ಮೇಲೆ ಸರ್ಕಾರ ನಿಂತಿದ್ದರೆ ಅವರು ಹೋದ ದಿನ ಅದೂ ಬೀಳುತ್ತದೆ. ವಿಚ್ಛೇದನದ ಮಾತುಕತೆಯಲ್ಲಿ ಅವರು ಯಾವ ಕಡೆ ಕೂರಬೇಕು ಎಂಬುದಕ್ಕೂ ಸರಿಯಾದ ಉತ್ತರವಿರಲಿಲ್ಲ. ಶೇ 55.3ರಷ್ಟು ಜನ ‘ಬೇಡ’ ಅಂದರು, ಪ್ರಶ್ನೆ ಹಾಗೇ ಉಳಿಯಿತು.

ಪಕ್ಷಗಳಿಗಿಂತ ಮುಖ್ಯವಾದದ್ದು ದೇಶದೊಳಗಿನ ತೂಕ. ಈಗ ಬ್ರಿಟನ್ನಿನಲ್ಲಿ ನೂರಕ್ಕೆ 84 ಮಂದಿ ಇಂಗ್ಲೆಂಡಿನವರು. ಸ್ಕಾಟ್ಲೆಂಡ್ ಹೋದರೆ ಅದು 92 ಆಗುತ್ತದೆ. ಉಳಿಯುವ 31 ಲಕ್ಷದ ವೇಲ್ಸ್ ಮತ್ತು 19 ಲಕ್ಷದ ಉತ್ತರ ಐರ್ಲೆಂಡಿಗೆ ಲಂಡನ್ನಿನಲ್ಲಿ ಜೊತೆ ನಿಲ್ಲುವ ದೊಡ್ಡ ಹೆಗಲು ಇರುವುದಿಲ್ಲ. ಇದು 1971ರ ನಂತರದ ಪಾಕಿಸ್ತಾನದಲ್ಲಿ ಕಣ್ಣಿಗೆ ಕಟ್ಟುವಂತೆ ನಡೆದಿದೆ. ಒಂದಾಗಿದ್ದ ಪಾಕಿಸ್ತಾನದಲ್ಲಿ ಬಂಗಾಳಿಗಳೇ ಅರ್ಧಕ್ಕಿಂತ ಹೆಚ್ಚು. ಅವರು ಹೋದ ಮರುದಿನ ಪಂಜಾಬ್ ಒಂದೇ ಅರ್ಧಕ್ಕಿಂತ ಹೆಚ್ಚಾಯಿತು. ಸೆಣಬಿನ ಡಾಲರ್ ಹೋಯಿತು, 1972ರ ಮೇ ತಿಂಗಳಲ್ಲಿ ರೂಪಾಯಿ ಡಾಲರಿಗೆ 4.76ರಿಂದ 11ಕ್ಕೆ ಇಳಿಯಿತು. ಆ ನಷ್ಟದಿಂದ ಪಾಕಿಸ್ತಾನ ಕೆಲವೇ ವರ್ಷಗಳಲ್ಲಿ ಚೇತರಿಸಿಕೊಂಡಿತು. ಸಿಂಧ್ ಮತ್ತು ಬಲೂಚಿಸ್ತಾನದವರಿಗೆ ಪಂಜಾಬಿನ ಮೇಲಿರುವ ದೂರು ಐವತ್ತು ವರ್ಷ ದಾಟಿದರೂ ಆರಿಲ್ಲ.

ಉತ್ತರ ಐರ್ಲೆಂಡಿನ ಗತಿ ಇನ್ನೂ ವಿಚಿತ್ರ. ಅಲ್ಲಿ ಬ್ರಿಟನ್ ಬೇಕು ಅನ್ನುವ ಪ್ರೊಟೆಸ್ಟಂಟರಲ್ಲಿ ಬಹಳ ಜನರ ಪೂರ್ವಿಕರು ಹದಿನೇಳನೇ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಬಂದವರು. ಬೆಲ್‌ಫಾಸ್ಟ್ ಮತ್ತು ಲಾರ್ನ್‌ನಿಂದ ಹೊರಡುವ ಫೆರಿಗಳಲ್ಲಿ ಅತಿ ಹತ್ತಿರದ ದಾರಿ ಸ್ಕಾಟ್ಲೆಂಡಿನ ಕೇರ್ನ್‌ರಾಯನ್‌ಗೆ. ಅವರು ನಿಷ್ಠೆ ಇಟ್ಟುಕೊಂಡಿರುವ ಬ್ರಿಟನ್ನಿನ ಹತ್ತಿರದ ತುಂಡೇ ವಿದೇಶವಾಗುತ್ತದೆ. ದಕ್ಷಿಣಕ್ಕೆ ಐರ್ಲೆಂಡ್, ಪೂರ್ವಕ್ಕೆ ಸ್ಕಾಟ್ಲೆಂಡ್, ಎರಡೂ ಯುರೋಪಿಯನ್ ಒಕ್ಕೂಟದಲ್ಲಿದ್ದರೆ ನಡುವೆ ಇವರೊಬ್ಬರೇ ಹೊರಗೆ. ಅವರ ಮುಂದೆ ಕಾನೂನಿನ ಬಾಗಿಲೂ ತೆರೆದಿದೆ. 1998ರ ಗುಡ್ ಫ್ರೈಡೇ ಒಪ್ಪಂದದಂತೆ, ಬಹುಮತ ಐರ್ಲೆಂಡಿನ ಜೊತೆ ಸೇರುವ ಪರವಾಗಿ ಬರಬಹುದು ಎಂದು ಕಂಡರೆ ಬ್ರಿಟಿಷ್ ಮಂತ್ರಿ ಜನಮತಗಣನೆ ಕರೆಯಲೇಬೇಕು. ಸ್ಕಾಟ್ಲೆಂಡಿನ ನಂತರ ಎರಡನೇ ಬಿರುಕು ಬೀಳುವುದಾದರೆ ಇಲ್ಲೇ ಅಂತ ನನಗನ್ನಿಸುತ್ತದೆ, ವೇಲ್ಸ್‌ನಲ್ಲಿ ಅಲ್ಲ.

ಸ್ಕಾಟ್ಲೆಂಡಿಗೆ ಅಂಥ ಬಾಗಿಲು ಇಲ್ಲ. ಲಂಡನ್ ಒಪ್ಪದೆ ಎಡಿನ್‌ಬರೋದ ಸಂಸತ್ತು ತಾನಾಗಿ ಜನಮತಗಣನೆಗೆ ಕಾನೂನು ಮಾಡುವಂತಿಲ್ಲ ಅಂತ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2022ರ ನವೆಂಬರ್ 23ರಂದು ತೀರ್ಪು ಕೊಟ್ಟಿದೆ. 2012ರಲ್ಲಿ ಕ್ಯಾಮರೂನ್ ಸಹಿ ಹಾಕಿದಂಥ ಒಪ್ಪಂದಕ್ಕೆ ಇನ್ನೊಬ್ಬ ಪ್ರಧಾನಿ ಸಹಿ ಹಾಕಬೇಕು. ಹಾಕಿದರೂ ಮೊದಲ ಸಲ ಸಹಿಯಿಂದ ಮತದಾನಕ್ಕೆ ಸುಮಾರು ಎರಡು ವರ್ಷ ಹಿಡಿದಿತ್ತು, ಮತದಾನದಿಂದ ಸ್ವಾತಂತ್ರ್ಯಕ್ಕೆ ಮತ್ತೆ ಒಂದೂವರೆ ವರ್ಷ ಅಂತ ಲೆಕ್ಕ ಹಾಕಿದ್ದರು. ನಿಮ್ಮ ಮಗಳು ಅಷ್ಟರಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೂ ಸೇರಿರುತ್ತಾಳೆ. ವೀಸಾ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.